ಬಿಸಿಲಿನಲ್ಲಿ ಬಂದ ಪ್ರವಾಹ: ಕಾವೇರಿಯ ನಡುಗಡ್ಡೆಗಳ ದಾರಿಯಲ್ಲಿ ಎಡಪ್ಪಾಡಿ

ದ್ವೀಪವೆಂಬ ಮಾತು ಕೇಳಿದೊಡನೆ ನಮ್ಮ ಶಾಲೆಯ ಮಕ್ಕಳ ಕಣ್ಣಿಗೆ ಕಟ್ಟುವುದು ಕಡಲು. ಭೂಪಟದಲ್ಲಿ ಅವರು ಬೆರಳಿಟ್ಟು ತೋರಿಸುವುದು ಅಂಡಮಾನನ್ನು, ಲಕ್ಷದ್ವೀಪವನ್ನು. ಕಡಲಿನಿಂದ ದೂರದಲ್ಲಿರುವ ಸೇಲಂ, ಧರ್ಮಪುರಿ ಜಿಲ್ಲೆಗಳ ಕುಟುಂಬಗಳಿಗೆ ದ್ವೀಪಸಂಚಾರವೆಂದರೆ ಹಡಗನ್ನೋ ವಿಮಾನವನ್ನೋ ಏರಿ ಹೋಗಬೇಕಾದ ದುಬಾರಿ ಸಂಗತಿಯೆಂದೇ ತೋರುತ್ತದೆ. ಆದರೆ ಈ ಜಿಲ್ಲೆಗಳ ಅಂಚನ್ನು ಸವರಿ ಹರಿಯುವ ಕಾವೇರಿಯಲ್ಲಿಯೇ ದ್ವೀಪಗಳ ಒಂದು ಸಾಲಿದೆ. ಅವುಗಳನ್ನು ನೋಡಲು ಸರಕಾರಿ ಬಸ್ಸಿನ ಚೀಟಿ, ಹೆಗಲಿಗೊಂದು ಚೀಲ, ಒಂದು ವಾರದ ಬಿಡುವು, ಇಷ್ಟಿದ್ದರೆ ಸಾಕು.

ನದಿಯ ನಡುವಣ ನೆಲಕ್ಕೆ ನಮ್ಮ ನುಡಿಗಳಲ್ಲಿ ಹೆಸರುಗಳು ಹಲವು. ಕನ್ನಡದಲ್ಲಿ ನಡುಗಡ್ಡೆ ಎನ್ನುತ್ತೇವೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಕುದುರು ಎನ್ನುತ್ತಾರೆ. ತಿಟ್ಟು ಎಂಬ ಮಾತು ಕನ್ನಡಕ್ಕೂ ತಮಿಳಿಗೂ ಸಮಾನವಾದುದು. ರಂಗನತಿಟ್ಟು ಎಂಬ ಹೆಸರಿನಲ್ಲಿರುವುದು ಅದೇ. ತಮಿಳಿನಲ್ಲಿ ಅರಂಗಂ ಎಂಬುದಕ್ಕೆ ಹೊಳೆಯ ನಡುವಿನ ನೆಲವೆಂಬ ಅರ್ಥವೂ ಉಂಟು. ತಿರುವರಂಗಂ ಎಂಬುದು ಶ್ರೀರಂಗದ ಹಳೆಯ ಹೆಸರು. ಈ ನದಿಯ ಮೂರು ನಡುಗಡ್ಡೆಗಳಲ್ಲಿ ರಂಗನಾಥನು ಪವಡಿಸಿದ್ದಾನೆಂದು ಭಕ್ತರು ಹೇಳುತ್ತಾರೆ. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಿರುಚಿರಾಪಳ್ಳಿಯ ಶ್ರೀರಂಗವು ಅಂತ್ಯರಂಗ. ಮಧ್ಯರಂಗಕ್ಕೂ ಅಂತ್ಯರಂಗಕ್ಕೂ ನಡುವಣ ದಾರಿಯಲ್ಲಿದೆ ಎಡಪ್ಪಾಡಿ.

2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಈ ಸಾಲನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕೆಂದು ನಾನು ಹೊರಟೆ. ಆದಿರಂಗದಿಂದ ಆರಂಭಿಸಿ, ಮಧ್ಯರಂಗವನ್ನು ಕಂಡು, ಹೊಗೇನಕಲ್ಲಿನ ಬಂಡೆಗಳ ನಡುವೆ ತೆಪ್ಪದಲ್ಲಿ ಸುತ್ತಿ, ಎಡಪ್ಪಾಡಿಯ ಹತ್ತಿರದ ಪೂಲಾಂಪಟ್ಟಿಯಲ್ಲಿ ದೋಣಿಯೇರಿ ಹೊಳೆ ದಾಟಿ, ಈರೋಡಿನ ಬಳಿಯ ನಟ್ಟಾಟ್ರೀಶ್ವರನ ಗುಡಿಗೆ ಹೋಗಿ, ಅಂತ್ಯರಂಗದಲ್ಲಿ ಮುಗಿಸುವುದು ನನ್ನ ಯೋಜನೆಯಾಗಿತ್ತು. ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ಮಳೆ ಬಲವಾಗಿದೆ ಎಂಬ ಸುದ್ದಿ ಹೊರಡುವಾಗಲೇ ಇತ್ತು. ನಿಲ್ಲಬೇಕಾದಲ್ಲಿ ನಿಲ್ಲುವುದು, ನೀರಿನೊಡನೆ ಹಟ ಮಾಡದಿರುವುದು ಎಂದು ನಿಶ್ಚಯಿಸಿಕೊಂಡೇ ಹೊರಟಿದ್ದೆ. ಆ ವಾರ ನದಿಯೂ ನನ್ನ ದಾರಿಯಲ್ಲಿಯೇ, ನನ್ನ ವೇಗದಲ್ಲಿಯೇ ಕೆಳಕ್ಕೆ ಇಳಿಯಿತು.

ಶ್ರೀರಂಗಪಟ್ಟಣದಲ್ಲಿ ದೇವಾಲಯಕ್ಕೆ ಹೋಗಲು ಅಡ್ಡಿಯೇನೂ ಇರಲಿಲ್ಲ. ಆದರೆ ರಂಗನತಿಟ್ಟಿನಲ್ಲಿ ದೋಣಿಗಳು ದಡಕ್ಕೆ ಬಿಗಿದು ನಿಂತಿದ್ದವು. ಅಲ್ಲಿನ ಕಿರುದ್ವೀಪಗಳು 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅವು ಪಕ್ಷಿಧಾಮವಾದವು. ಕೃಷ್ಣರಾಜಸಾಗರದ ಬಾಗಿಲುಗಳು ತೆರೆದುಕೊಂಡರೆ ತಗ್ಗಿನ ತಿಟ್ಟುಗಳು ಮುಳುಗುತ್ತವೆ, ನೀರಿನ ಮಟ್ಟಕ್ಕೆ ಹತ್ತಿರದ ಗೂಡುಗಳು ಕೊಚ್ಚಿಹೋಗುತ್ತವೆ. ಎತ್ತರದ ಮರಗಳ ಮೇಲೆ ಮಾತ್ರ ಹಕ್ಕಿಗಳು ಕುಳಿತಿದ್ದುದನ್ನು ದಡದಿಂದಲೇ ನೋಡಿದೆ.

ಈ ದ್ವೀಪಕ್ಕೆ ನದಿಯ ಏರಿಳಿತವೇ ಹಿಂದೆ ಕೋಟೆಯ ಹೊರಗಣ ಕೋಟೆಯಾಗಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಅರಕೆರೆಯವರೆಗೆ ಬಂದಿತ್ತು. ಮಳೆ ಮುಂಚಿತವಾಗಿ ಹಿಡಿದುದರಿಂದಲೂ ಮೇವಿಲ್ಲದೆ ಎತ್ತುಗಳು ಸತ್ತುದರಿಂದಲೂ ಆತನು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಹಿಂದಿರುಗಬೇಕಾಯಿತು. ಎಂಟು ವರ್ಷಗಳ ಅನಂತರ ಬಂದ ಇಂಗ್ಲಿಷ್ ಸೇನೆ ಆ ಪಾಠವನ್ನು ಮರೆತಿರಲಿಲ್ಲ. ಮಳೆಗಾಲಕ್ಕೆ ಮೊದಲೇ, 1799ರ ಮೇ 4ರಂದು, ಕಾಲ್ನಡಿಗೆಯಲ್ಲಿ ದಾಟಬಹುದಾದಷ್ಟು ನೀರಿದ್ದ ಹೊಳೆಯನ್ನು ದಾಟಿ ಕೋಟೆಗೆ ನುಗ್ಗಿತು. ಟಿಪ್ಪು ಸುಲ್ತಾನ್ ಅಂದೇ ಮಡಿದನು. ಕೆಲವು ವಾರಗಳ ಅಂತರದಲ್ಲಿ ಒಂದು ಹೊಳೆ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಒಂದು ರಾಜ್ಯದ ಅಳಿವು ಉಳಿವು ನಿಂತಿತ್ತೆಂಬುದನ್ನು ಅಲ್ಲಿ ನಿಂತು ನೆನೆದರೆ, ನಿಂತುಹೋದ ದೋಣಿವಿಹಾರ ದೊಡ್ಡ ಸಂಗತಿಯೆನಿಸುವುದಿಲ್ಲ.

ಮರುದಿನದ ಶಿವನಸಮುದ್ರದಲ್ಲಿ ನದಿ ಎರಡಾಗಿ ಸೀಳಿ, ಒಂದು ಕವಲು ಗಗನಚುಕ್ಕಿಯಾಗಿಯೂ ಇನ್ನೊಂದು ಭರಚುಕ್ಕಿಯಾಗಿಯೂ ಧುಮುಕುತ್ತದೆ. ಎರಡು ಕವಲುಗಳ ನಡುವಿನ ನೆಲವೇ ಮಧ್ಯರಂಗ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದುದು ನಮ್ಮ ದೇಶದ ವಿದ್ಯುತ್ತಿನ ಚರಿತ್ರೆಯಲ್ಲಿ ದೊಡ್ಡ ಘಟನೆ. ಇಲ್ಲಿನ ಕಲ್ಲುಕಂಬಗಳ ಹಳೆಯ ಸೇತುವೆ ಎರಡು ಶತಮಾನಗಳ ನೀರನ್ನು ಕಂಡುದು. ಈಚಿನ ವರ್ಷಗಳ ಪ್ರವಾಹಗಳಲ್ಲಿ ಅದರ ಒಂದು ಭಾಗ ಕೊಚ್ಚಿಹೋಗಿದೆ. ನಾನು ಹೋದಾಗ ಭರಚುಕ್ಕಿಯ ಹಲವು ಎಳೆಗಳು ಒಂದಾಗಿ, ಬಂಡೆಯೇ ಕಾಣದಂತೆ ಕೆಂಪು ನೀರು ಬೀಳುತ್ತಿತ್ತು. ಕೆಳಗೆ ತೆಪ್ಪಗಳಿರಲಿಲ್ಲ. ಹನಿಗಳ ಮಂಜು ಮೇಲಿನ ಕಟ್ಟೆಯವರೆಗೂ ಬಂದು ನೋಡುವವರ ಬಟ್ಟೆಯನ್ನು ತೋಯಿಸುತ್ತಿತ್ತು.

ಕೊಳ್ಳೇಗಾಲದಿಂದ ಮಲೆಮಹದೇಶ್ವರನ ಬೆಟ್ಟವನ್ನು ಹತ್ತಿಳಿದು, ಪಾಲಾರ್ ದಾಟಿದರೆ ರಸ್ತೆ ಮೆಟ್ಟೂರಿನತ್ತ ಸಾಗುತ್ತದೆ. ಎಡಕ್ಕೆ ಕಾಣುವುದು ಸ್ಟ್ಯಾನ್ಲಿ ಜಲಾಶಯ. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಈ ಅಣೆಕಟ್ಟೆಗೆ ಅಂದಿನ ಮದರಾಸು ಗವರ್ನರರ ಹೆಸರಿಟ್ಟರು. ಇದರ ಪೂರ್ಣ ಮಟ್ಟ 120 ಅಡಿ. ಹಿಡಿಯುವ ನೀರು 93.47 ಟಿ.ಎಂ.ಸಿ. ಇದರ ಒಡಲಲ್ಲಿ ಮುಳುಗಿದ ಊರುಗಳಿವೆ. ಪಣ್ಣವಾಡಿಯ ಬಳಿಯ ಜಲಕಂಠೇಶ್ವರ ದೇವಾಲಯದ ನಂದಿ ನೀರಿನ ಮಟ್ಟ ಸುಮಾರು 70 ಅಡಿಗೆ ಇಳಿದಾಗ ತಲೆಯೆತ್ತುತ್ತದೆ. ಮೊದಲು ಕೊಂಬು, ಅನಂತರ ಬೆನ್ನು, ಆಮೇಲೆ ಪೀಠ. ಕೆಲವು ದಿನ ಅದೇ ಒಂದು ಪುಟ್ಟ ದ್ವೀಪವಾಗಿರುತ್ತದೆ. ಆ ವರ್ಷದ ಜೂನಿನಲ್ಲಿ ಜಲಾಶಯವು ಬರಿದಾಗಿದ್ದುದರಿಂದ, ವಾಡಿಕೆಯಂತೆ ಜೂನ್ 12ರಂದು ನೀರಾವರಿಗೆ ಬಾಗಿಲು ತೆರೆಯಲಾಗಿರಲಿಲ್ಲ. ಜುಲೈ ಮೊದಲಲ್ಲಿ ಮಟ್ಟವು 40 ಅಡಿಯ ಆಸುಪಾಸಿನಲ್ಲಿತ್ತು. ಜನ ಒಣನೆಲದ ಮೇಲೆ ನಡೆದು ನಂದಿಯನ್ನು ಮುಟ್ಟಬಹುದಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ಅದರ ಮೇಲೆ ಐವತ್ತು ಅಡಿ ನೀರು ನಿಲ್ಲುವ ಹೊತ್ತು ಹತ್ತಿರವಾಗಿತ್ತು.

ಹೊಗೇನಕಲ್ಲು ಇರುವುದು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ತಾಲ್ಲೂಕಿನಲ್ಲಿ. ಹೆಸರಾದರೋ ಅಚ್ಚಗನ್ನಡ: ನೀರಿನ ಹನಿಗಳು ಹೊಗೆಯಂತೆ ಏಳುವ ಕಲ್ಲು. ಬೇಸಗೆಯಲ್ಲಿ ಇಲ್ಲಿ ನದಿ ಹತ್ತಾರು ಎಳೆಗಳಾಗಿ ಬಂಡೆಗಳ ನಡುವೆ ಹರಿಯುತ್ತದೆ. ಪ್ರತಿಯೊಂದು ಎಳೆಯ ನಡುವೆಯೂ ಒಂದು ನಡುಗಡ್ಡೆ. ಬಿದಿರಿನ ಬುಟ್ಟಿಯಂತಹ ತೆಪ್ಪದಲ್ಲಿ ಅವುಗಳ ನಡುವೆ ತಿರುಗುವುದೇ ಇಲ್ಲಿನ ಸೊಗಸು. ಹಿಂದೆ ಅದಕ್ಕೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ಆ ದಿನ ಅಲ್ಲಿ ಎಳೆಗಳೂ ಇರಲಿಲ್ಲ, ನಡುಗಡ್ಡೆಗಳೂ ಇರಲಿಲ್ಲ. ದಡದಿಂದ ದಡಕ್ಕೆ ಒಂದೇ ನೀರು. ತೆಪ್ಪಗಳನ್ನು ಕವುಚಿ ರಸ್ತೆಯ ಬದಿಯಲ್ಲಿ ಸಾಲಾಗಿ ಇಟ್ಟಿದ್ದರು. ಜಿಲ್ಲಾಡಳಿತವು ಸ್ನಾನವನ್ನೂ ತೆಪ್ಪಸಂಚಾರವನ್ನೂ ನಿಷೇಧಿಸಿದ್ದಿತು. ಮೀನು ಕರಿಯುವ ಹೆಂಗಸರು, ಎಣ್ಣೆ ತಿಕ್ಕುವವರು, ತೆಪ್ಪ ನಡೆಸುವವರು, ಎಲ್ಲರೂ ಕೈಕಟ್ಟಿ ಕುಳಿತಿದ್ದರು. ಪ್ರವಾಸಿಗೆ ಪ್ರವಾಹದಿಂದ ತಪ್ಪುವುದು ಒಂದು ದಿನದ ನೋಟ. ಅವರಿಗೆ ತಪ್ಪುವುದು ಮನೆಯ ಅನ್ನ. ನೀರು ಇಳಿಯುವವರೆಗೆ ಆ ಸಾಲು ತೆಪ್ಪಗಳಿಗೆ ಬಾಡಿಗೆಯಿಲ್ಲ.

ಜುಲೈ 30ರ ಸಂಜೆ ಎಡಪ್ಪಾಡಿಗೆ ಬಂದೆ. ಅದೇ ಸಂಜೆ ಮೆಟ್ಟೂರು ಜಲಾಶಯ 120 ಅಡಿ ಮುಟ್ಟಿತು.

ಎಡಪ್ಪಾಡಿಯು ಮಗ್ಗಗಳ ಊರು. ಕೆಲವು ಬೀದಿಗಳಲ್ಲಿ ನಡೆದರೆ ವಿದ್ಯುತ್ ಮಗ್ಗಗಳ ಲಟಪಟ ಸದ್ದು ಗೋಡೆಗಳಿಂದಲೇ ಬರುವಂತೆ ಕೇಳುತ್ತದೆ. ಸೇಲಂ ಸೀಮೆಯ ದೇವಾಂಗ ಮನೆಗಳಲ್ಲಿ ಮನೆಮಾತು ಕನ್ನಡ; ಅಂಗಡಿಯ ಲೆಕ್ಕ, ಶಾಲೆಯ ಪಾಠ, ಮದುವೆಯ ಕರೆಯೋಲೆ ತಮಿಳಿನಲ್ಲಿ. ನೂಲಿನ ಹೆಸರು, ನಂಟರ ಹೆಸರು, ಚೌಡೇಶ್ವರಿಯ ಹರಕೆ ಇವು ಮಾತ್ರ ತಲೆಮಾರುಗಳಿಂದ ಕನ್ನಡದಲ್ಲಿಯೇ ಉಳಿದಿವೆ. ಆ ಸಂಜೆ ನಾನು ಮಾತನಾಡಿಸಿದ ಮನೆಯಲ್ಲಿ ಹಿರಿಯರು ಕೇಳಿದ ಮೊದಲ ಪ್ರಶ್ನೆ ಮೇಲೆ ಮಳೆ ಎಷ್ಟು ಎಂಬುದಾಗಿತ್ತು. ಮೇಲೆ ಎಂದರೆ ಆಕಾಶವಲ್ಲ, ಕೊಡಗು ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು.

ಮರುದಿನ ಬೆಳಗ್ಗೆ ಪೂಲಾಂಪಟ್ಟಿಗೆ ಹೋದೆ. ಮೆಟ್ಟೂರಿನ ಕೆಳಗೆ ವಿದ್ಯುತ್ತಿಗಾಗಿ ಸಾಲಾಗಿ ಕಟ್ಟಿರುವ ಕಿರು ಅಣೆಗಳಲ್ಲಿ ನೆರಿಂಜಿಪೇಟೆಯದೂ ಒಂದು. ಅದರ ಹಿನ್ನೀರಿನಿಂದ ಪೂಲಾಂಪಟ್ಟಿಯ ಬಳಿ ನದಿಯು ಅಗಲವಾದ ಕೆರೆಯಂತೆ ನಿಂತಿರುತ್ತದೆ. ತೆಂಗಿನ ತೋಟಗಳೂ ಬೆಟ್ಟದ ನೆರಳೂ ಸೇರಿ, ಜನ ಇದನ್ನು ಕುಟ್ಟಿ ಕೇರಳ, ಎಂದರೆ ಪುಟ್ಟ ಕೇರಳ, ಎಂದು ಕರೆಯುತ್ತಾರೆ. ಈ ದಡ ಸೇಲಂ ಜಿಲ್ಲೆ, ಆ ದಡದ ನೆರಿಂಜಿಪೇಟೆ ಈರೋಡು ಜಿಲ್ಲೆ. ಯಂತ್ರದ ದೋಣಿಗಳು ಎರಡು ದಡಗಳ ನಡುವೆ ಜನರನ್ನೂ ದ್ವಿಚಕ್ರ ವಾಹನಗಳನ್ನೂ ಸಾಗಿಸುತ್ತವೆ. ಓದುವ ಮಕ್ಕಳು, ಕೂಲಿಯವರು, ತರಕಾರಿ ಮಾರುವವರು ಅದನ್ನೇ ನಂಬಿರುವವರು.

ಆ ಬೆಳಗ್ಗೆ ಆಕಾಶ ನಿರ್ಮಲವಾಗಿತ್ತು. ಆಷಾಢದ ಗಾಳಿ ತೆಂಗಿನ ಗರಿಗಳನ್ನು ಒಂದೇ ಕಡೆಗೆ ಬಾಚುತ್ತಿತ್ತು; ಬಿಸಿಲು ಚುರುಕಾಗಿತ್ತು. ಮಣ್ಣಿನಲ್ಲಿ ತೇವವೇ ಇರಲಿಲ್ಲ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಜುಲೈ ತಿಂಗಳಿನಲ್ಲಿ ಬೀಳುವ ಮಳೆ ಅಲ್ಪ. ಆದರೂ ದೋಣಿಗಳನ್ನು ದಡದ ಮರಗಳಿಗೆ ಹಗ್ಗದಿಂದ ಬಿಗಿದಿದ್ದರು. ನಿಂತ ಕೆರೆಯಂತಿರಬೇಕಾದ ನೀರು ಮಣ್ಣಿನ ಬಣ್ಣ ತಳೆದು, ಕೊಂಬೆಗಳನ್ನೂ ಜೊಂಡನ್ನೂ ಹೊತ್ತು ಸದ್ದಿಲ್ಲದೆ ಓಡುತ್ತಿತ್ತು. ಮೆಟ್ಟೂರಿನ ಹದಿನಾರು ಕಣ್ಣಿನ ಮದಗು ತೆರೆದಿತ್ತು. ಹಿಂದಿನ ದಿನದವರೆಗೆ ಮೇಲಿನ ಪ್ರವಾಹದ ಬಹುಪಾಲನ್ನು ಜಲಾಶಯವು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿತ್ತು. ಆದುದರಿಂದಲೇ ಹೊಗೇನಕಲ್ಲು ಮುಳುಗಿದ್ದಾಗ ಪೂಲಾಂಪಟ್ಟಿ ಶಾಂತವಾಗಿತ್ತು. ಹೊಟ್ಟೆ ತುಂಬಿದ ಮೇಲೆ ಬಂದಷ್ಟನ್ನೂ ಬಿಡದೆ ಬೇರೆ ದಾರಿಯಿರಲಿಲ್ಲ.

ದಡದಲ್ಲಿ ಕೆಲವರು ಯುವಕರು ಪುಸ್ತಕದ ಚೀಲಗಳೊಡನೆ ನಿಂತಿದ್ದರು. ಆಚೆಯ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ, ಬಿಸಿಲು ಬೇರೆ. ಒಂದೇ ಒಂದು ಸಲ ದಾಟಿಸಿರೆಂದು ಅವರು ದೋಣಿಯವರನ್ನು ಬೇಡುತ್ತಿದ್ದರು. ದೋಣಿಯವರಲ್ಲಿ ವಯಸ್ಸಾದವರೊಬ್ಬರು ಹೆಚ್ಚು ಮಾತನಾಡಲಿಲ್ಲ. ತೇಲಿಹೋಗುತ್ತಿದ್ದ ಒಂದು ದಿಮ್ಮಿಯನ್ನು ತೋರಿಸಿ, ಅದು ಎಷ್ಟು ಹೊತ್ತಿಗೆ ಕಣ್ಮರೆಯಾಗುತ್ತದೆಂದು ಎಣಿಸಲು ಹೇಳಿದರು. ಯುವಕರು ಎಣಿಸಿದರು. ಎಣಿಕೆ ಮುಗಿಯುವ ಮೊದಲೇ ದಿಮ್ಮಿ ತಿರುವಿನಲ್ಲಿ ಮರೆಯಾಯಿತು. ಅವರು ವಾದವನ್ನು ಬಿಟ್ಟು ಸುತ್ತುದಾರಿಯ ಬಸ್ಸಿಗೆ ನಡೆದರು. ಅಂದಿನ ಪಾಠ ಅವರಿಗೆ ತಪ್ಪಿರಬಹುದು. ಆದರೆ ನದಿಯ ಬಗೆಗೆ ಅವರು ಕಲಿತದ್ದು ಯಾವ ಪಾಠಕ್ಕೂ ಕಡಿಮೆಯದಲ್ಲ.

ಬಿಸಿಲಿನಲ್ಲಿ ಬರುವ ಪ್ರವಾಹವೇ ಹೆಚ್ಚು ಅಪಾಯಕಾರಿ. ತಲೆಯ ಮೇಲೆ ಸುರಿಯುವ ಮಳೆಗೆ ಎಲ್ಲರೂ ಅಂಜುತ್ತಾರೆ. ಅದೇ ವರ್ಷ ಫೆಂಗಲ್ ಚಂಡಮಾರುತವು ಪುದುಚೇರಿಯ ಬಳಿ ನೆಲ ಮುಟ್ಟಿ, ಡಿಸೆಂಬರಿನ ಆರಂಭದಲ್ಲಿ ಒಳನಾಡಿಗೆ ಬಂದಾಗ, ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಮಳೆ ಬಿದ್ದಿತು. ಆ ಬಿರುಗಾಳಿಯನ್ನು ಯಾರೂ ಮರೆಯರು. ಮನೆಯಿಂದ ಹೊರಗೆ ಕಾಲಿಡಬಾರದೆಂದು ಆಕಾಶವೇ ಹೇಳಿತು. ಕಾವೇರಿಯ ಪ್ರವಾಹವು ಹಾಗೆ ಹೇಳುವುದಿಲ್ಲ. ಅದರ ಬಿರುಗಾಳಿ ಬೀಸಿರುವುದು ಮಡಿಕೇರಿಯಲ್ಲಿ, ಮಾನಂದವಾಡಿಯಲ್ಲಿ. ಅಲ್ಲಿ ಬಿದ್ದ ನೀರು ಕೃಷ್ಣರಾಜಸಾಗರದಲ್ಲಿಯೂ ಕಬಿನಿಯಲ್ಲಿಯೂ ತುಂಬಿ, ತಲಕಾಡಿನ ಮರಳನ್ನು ಬಳಸಿ, ಬಿಳಿಗುಂಡ್ಲುವಿನ ಅಳತೆಯ ಠಾಣೆಯನ್ನು ದಾಟಿ, ಎರಡು ಮೂರು ದಿನಗಳ ಮೇಲೆ ಮೆಟ್ಟೂರನ್ನು ಸೇರುತ್ತದೆ. ಎಡಪ್ಪಾಡಿಯ ಮಗುವಿಗೆ ಅದು ಕಾರಣವಿಲ್ಲದೆ ಬಂದ ನೀರಿನಂತೆ ತೋರುತ್ತದೆ.

ಅಂದು ಮಧ್ಯಾಹ್ನ ವಯನಾಡಿನ ಸುದ್ದಿ ವಿವರವಾಗಿ ತಿಳಿಯಿತು. ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಗಳಲ್ಲಿ ಬೆಟ್ಟವೇ ಕುಸಿದು 200ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಊರುಗಳ ನೀರು ಚಾಲಿಯಾರಿನ ಮೂಲಕ ಪಶ್ಚಿಮದ ಕಡಲಿಗೆ ಹೋಗುತ್ತದೆ. ಅದೇ ಜಿಲ್ಲೆಯ ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ಕಬಿನಿಯಾಗಿ ನಮ್ಮ ಕಡೆಗೆ ಬರುತ್ತದೆ. ಒಂದೇ ಮೋಡದ ಕೆಳಗೆ ಆಚೆಯ ಇಳಿಜಾರಿನವರು ಮನೆಮಂದಿಯನ್ನು ಕಳೆದುಕೊಂಡರು. ಈಚೆಯ ಇಳಿಜಾರಿನ ನೀರು ನಮ್ಮ ಜಲಾಶಯವನ್ನು ತುಂಬಿ, ತಂಜಾವೂರಿನ ಗದ್ದೆಗಳಿಗೆ ಬೆಳೆಯ ಭರವಸೆಯಾಯಿತು. ಮಗ್ಗದ ಮನೆಯವರು ಆ ಸುದ್ದಿ ನೋಡುತ್ತ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ನನ್ನ ದ್ವೀಪಗಳ ಪಟ್ಟಿಯ ಬಗೆಗೆ ಆ ದಿನ ನಾನು ಮತ್ತೆ ಮಾತೆತ್ತಲಿಲ್ಲ.

ಎಡಪ್ಪಾಡಿಯಲ್ಲಿ ಮೂರು ದಿನ ನಿಂತೆ. ಆ ದಿನಗಳಲ್ಲಿ ಮನೆಯ ಮಕ್ಕಳೊಡನೆ ಒಂದು ಲೆಕ್ಕ ಮಾಡಿದೆವು. ನದಿಯ ನೀರನ್ನು ಸೆಕೆಂಡಿಗೆ ಇಷ್ಟು ಘನ ಅಡಿ ಎಂದು ಅಳೆಯುತ್ತಾರೆ, ಅದೇ ಕ್ಯುಸೆಕ್. ಒಂದು ಘನ ಅಡಿಯೆಂದರೆ ಸುಮಾರು 28 ಲೀಟರ್, ಎರಡು ಕೊಡಗಳಷ್ಟು ನೀರು. ಒಂದು ಲಕ್ಷ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್; ಹತ್ತು ಸಾವಿರ ಲೀಟರಿನ ನೀರಿನ ಲಾರಿಗಳು 280 ಒಮ್ಮೆಗೇ ಉರುಳಿದಂತೆ. ದಿನಕ್ಕೆ 86,400 ಸೆಕೆಂಡುಗಳು. ಆದುದರಿಂದ ಒಂದು ಲಕ್ಷ ಕ್ಯುಸೆಕ್ಕಿನಂತೆ ಹರಿದರೆ ಒಂದು ದಿನಕ್ಕೆ 8.64 ಟಿ.ಎಂ.ಸಿ. ಬರಿದಾದ ಮೆಟ್ಟೂರು ಸಹ ಹನ್ನೊಂದು ದಿನದೊಳಗೆ ತುಂಬಿಬಿಡುತ್ತದೆ. ಆಗಸ್ಟ್ 1ರಂದು ಮೆಟ್ಟೂರಿನಿಂದ ಬಿಡುತ್ತಿದ್ದುದು ಒಂದೂವರೆ ಲಕ್ಷ ಕ್ಯುಸೆಕ್ಕಿಗೂ ಹೆಚ್ಚು. ಲೆಕ್ಕ ಮುಗಿದ ಮೇಲೆ ದೋಣಿ ಏಕೆ ಬಿಡುವುದಿಲ್ಲವೆಂದು ಮಕ್ಕಳು ಕೇಳಲಿಲ್ಲ.

ಪ್ರವಾಹದಿಂದ ಈ ಸೀಮೆಗೆ ಕೇಡು ಮಾತ್ರವೇ ಎಂದರೆ ಅಲ್ಲ. ಎಡಪ್ಪಾಡಿಯ ಸರಬಂಗ ಹೊಳೆ ವರ್ಷದ ಬಹುಪಾಲು ಒಣಗಿರುವುದು. ಕಾವೇರಿಯು ಪಕ್ಕದಲ್ಲಿಯೇ ಹರಿದರೂ ಸುತ್ತಣ ಹೊಲಗಳು ಎತ್ತರದಲ್ಲಿರುವುದರಿಂದ ನೀರು ತಾನಾಗಿ ಏರದು. ಮೆಟ್ಟೂರಿನ ಹೆಚ್ಚುವರಿ ನೀರನ್ನು ಯಂತ್ರಗಳಿಂದ ಎತ್ತಿ ಸೇಲಂ ಜಿಲ್ಲೆಯ 100 ಕೆರೆಗಳಿಗೆ ತುಂಬುವ ಮೆಟ್ಟೂರು ಸರಬಂಗ ಏತ ನೀರಾವರಿ ಯೋಜನೆಯ ಮೊದಲ ಹಂತ 2021ರಲ್ಲಿ ಆರಂಭವಾಯಿತು. ಜಲಾಶಯವು ತುಂಬಿ ಹರಿದರೆ ಮಾತ್ರ ಅದಕ್ಕೆ ನೀರು. ದೋಣಿಗಳು ನಿಂತ ದಿನಗಳೇ ಕೆರೆಗಳು ಕಾದಿರುವ ದಿನಗಳು.

ಆಗಸ್ಟ್ 3ರಂದು ಆಡಿ ಹದಿನೆಂಟು. ನದಿಗೆ ಹೊಸ ನೀರು ಬಂದುದನ್ನು ತಮಿಳುನಾಡಿನ ಕಾವೇರಿ ತೀರದ ಜನ ಆಡಿಪ್ಪೆರುಕ್ಕು ಎಂದು ಹಬ್ಬ ಮಾಡುತ್ತಾರೆ. ಮೊಳಕೆ ಬಂದ ಧಾನ್ಯವನ್ನು ನೀರಿಗೆ ಬಿಡುತ್ತಾರೆ, ತಾಳಿಯ ಅರಿಶಿನ ದಾರವನ್ನು ಬದಲಿಸುತ್ತಾರೆ. ಮೇಲಿನ ದೇಶದಲ್ಲಿ ಅದೇ ನದಿಗೆ ಬಾಗಿನ ಕೊಡುತ್ತೇವೆ. ಅದೇ ಜುಲೈ 29ರಂದು ಕೃಷ್ಣರಾಜಸಾಗರದಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದ್ದರು. ಎರಡು ಹಬ್ಬಗಳ ನಡುವಣ ಅಂತರ ಐದು ದಿನ. ಭವಾನಿಯ ಕೂಡುತುರೆಯಲ್ಲಿ, ಕಾವೇರಿಯೂ ಭವಾನಿಯೂ ಸೇರುವೆಡೆಯಲ್ಲಿ, ಮೆಟ್ಟಿಲುಗಳ ಮೇಲೆಯೇ ನೀರು ಹರಿಯುತ್ತಿತ್ತು. ಏರುನೀರಿನ ಹಬ್ಬಕ್ಕೆ ನೀರು ಅತಿಯಾಗಿ ಏರಿತ್ತು. ಹೆಂಗಸರು ದಡದ ಮೇಲೆ ಎಲೆ ಹಾಸಿ, ಹಣ್ಣು ಕಾಯಿ ಇಟ್ಟು, ನದಿಗೆ ದೂರದಿಂದ ಕೈಮುಗಿದರು.

ಮುಂದಿನ ದಾರಿ ಬಸ್ಸಿನದೇ. ಈರೋಡಿನ ಹತ್ತಿರ ಕಾಂಗೇಯಂಪಾಳೆಯದಲ್ಲಿ ನದಿಯ ನಡುವಣ ಬಂಡೆಗುಡ್ಡದ ಮೇಲೆ ನಟ್ಟಾಟ್ರೀಶ್ವರನ ಗುಡಿಯಿದೆ. ನಡು ಆರು ಎಂದರೆ ನಡುಹೊಳೆ; ನಡುಹೊಳೆಯ ಈಶ್ವರನೆಂದು ಹೆಸರಿನ ಅರ್ಥ. ಅಗಸ್ತ್ಯನ ಹೆಸರೊಡನೆ ಬೆಸೆದಿರುವ ಕ್ಷೇತ್ರವಿದು. ಕೊಡಗಿನಲ್ಲಿ ಯಾರ ಕಮಂಡಲುವಿನಿಂದ ಕಾವೇರಿ ಹೊರಟಳೆಂದು ಕಥೆ ಹೇಳುತ್ತೇವೆಯೋ ಅದೇ ಮುನಿ ಇಲ್ಲಿಯೂ ಇದ್ದಾನೆ. ಗುಡಿಯ ಬಂಡೆಯ ಸುತ್ತ ಎರಡೂ ಕಡೆ ನೀರು ನೊರೆಯುತ್ತಿತ್ತು. ನಾನು ದಡದಲ್ಲಿಯೇ ನಿಂತು ನಮಸ್ಕರಿಸಿದೆ.

ಶ್ರೀರಂಗವನ್ನು ತಲುಪಲು ಅಡ್ಡಿಯಾಗಲಿಲ್ಲ. ತಿರುಚಿರಾಪಳ್ಳಿಗೆ ಮೇಲೆ ಮುಕ್ಕೊಂಬಿನಲ್ಲಿ ನದಿ ಎರಡಾಗುತ್ತದೆ. ದಕ್ಷಿಣದ ಕವಲು ಕಾವೇರಿಯೆಂದೇ ಉಳಿದು ಗದ್ದೆಗಳಿಗೆ ಹೋಗುತ್ತದೆ. ಉತ್ತರದ ಕೊಳ್ಳಿಡಂ ಪ್ರವಾಹವನ್ನು ಹೊತ್ತು ನೇರವಾಗಿ ಕಡಲಿಗೆ ಹೋಗುತ್ತದೆ. 1836 ರಿಂದ 1838ರವರೆಗೆ ಆರ್ಥರ್ ಕಾಟನ್ನನು ಇಲ್ಲಿ ಕಟ್ಟಿಸಿದ ಮೇಲಣೆಯಿಂದ ಈ ಪಾಲು ಮಾಡುವ ಕೆಲಸ ಹತೋಟಿಗೆ ಬಂದಿತು. 2018ರ ಆಗಸ್ಟ್ 22ರ ರಾತ್ರಿ, ಅಂತಹುದೇ ದೊಡ್ಡ ಪ್ರವಾಹದ ಅನಂತರ, ಕೊಳ್ಳಿಡಂ ಕಡೆಯ ಒಂಬತ್ತು ಬಾಗಿಲುಗಳು ಕುಸಿದುಬಿದ್ದವು. ಬಳಿಕ ಹೊಸ ಕಟ್ಟೆಯನ್ನು ಕಟ್ಟಿದರು. ಅದೇ ತಿಂಗಳಲ್ಲಿ ಕೊಳ್ಳಿಡಂ ಮೇಲಿನ ಹಳೆಯ ಸೇತುವೆಯ ಕಂಬವೂ ಕೊಚ್ಚಿಹೋಗಿತ್ತು. 1987ರಲ್ಲಿ ಪೂರ್ಣವಾದ 236 ಅಡಿಯ ರಾಜಗೋಪುರದ ಕೆಳಗೆ ಸಾವಿರಾರು ಜನ ನಿಶ್ಚಿಂತರಾಗಿ ನಡೆದಾಡುವುದು, ಆ ಪಾಲು ಕ್ರಮವಾಗಿ ನಡೆಯುತ್ತಿರುವುದರಿಂದ. ಸೇತುವೆಯ ಮೇಲೆ ನಿಂತು ಕೊಳ್ಳಿಡಮಿನ ಕೆಂಪು ನೀರನ್ನು ನೋಡಿದೆ. ಶ್ರೀರಂಗಪಟ್ಟಣದಲ್ಲಿ ಕಂಡ ಬಣ್ಣವೇ ಅದು.

ಈ ಸಂಚಾರದಲ್ಲಿ ನಾನು ದೋಣಿ ಹತ್ತಿದುದು ಒಂದು ಸಲವೂ ಇಲ್ಲ. ಆದರೂ ನಮ್ಮ ಕುಟುಂಬಗಳಿಗೆ ಹೇಳಬೇಕಾದ ಒಂದು ಮಾತು ಇದರಿಂದ ದೊರೆಯಿತು. ಕಾವೇರಿಯ ದಡದಲ್ಲಿ ಮಕ್ಕಳನ್ನು ಕರೆದೊಯ್ಯುವವರು ತಲೆಯ ಮೇಲಿನ ಆಕಾಶವನ್ನು ನೋಡಿದರೆ ಸಾಲದು. ಕೊಡಗು, ವಯನಾಡು ಜಿಲ್ಲೆಗಳಿಗೆ ಹವಾಮಾನ ಇಲಾಖೆ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟಿದೆಯೇ, ಕೃಷ್ಣರಾಜಸಾಗರ 124.80 ಅಡಿಯ ಹತ್ತಿರವಿದೆಯೇ, ಮೆಟ್ಟೂರು 120ಕ್ಕೆ ಎಷ್ಟು ದೂರ, ಈ ಮೂರನ್ನು ನೋಡಬೇಕು. ಮೇಲಿನೆರಡೂ ತುಂಬಿ, ಮೆಟ್ಟೂರೂ ತುಂಬಿದ್ದರೆ, ಮೇಲೆ ಬಿದ್ದ ಪ್ರತಿಯೊಂದು ಮಳೆಯೂ ಕೆಲವೇ ದಿನಗಳಲ್ಲಿ ಪೂಲಾಂಪಟ್ಟಿಯ ದಡಕ್ಕೆ ಬರುತ್ತದೆ. ದಿನಪತ್ರಿಕೆಗಳು ಈ ಅಂಕಿಗಳನ್ನು ನಿತ್ಯವೂ ಅಚ್ಚು ಮಾಡುತ್ತವೆ.

ಇಲ್ಲಿ ನಮ್ಮ ಮಕ್ಕಳಿಗೊಂದು ಅನುಕೂಲವುಂಟು. ಕನ್ನಡ ಮಾಧ್ಯಮದಲ್ಲಿ ಓದಿಸಿದರೆ ತಮಿಳುನಾಡಿನಲ್ಲಿ ಏನು ಪ್ರಯೋಜನವೆಂದು ನಂಟರು ಕೇಳುವುದುಂಟು. ಮೈಸೂರಿನ ಪತ್ರಿಕೆ ಇಂದು ಕನ್ನಡದಲ್ಲಿ ಬರೆಯುವ ಸುದ್ದಿಯ ನೀರು, ಎರಡು ಮೂರು ದಿನಗಳ ಅನಂತರ ನಮ್ಮ ಕಡೆಗೆ ಬಂದಿರುತ್ತದೆ. ಎರಡೂ ಲಿಪಿಗಳನ್ನು ಬಲ್ಲ ಮಗು ನದಿಯನ್ನು ಅದರ ಹರಿವಿಗಿಂತ ಮುಂಚಿತವಾಗಿ ಓದಬಲ್ಲದು, ಓದಿ ಮನೆಯವರಿಗೂ ನೆರೆಯವರಿಗೂ ದೋಣಿಯವರಿಗೂ ಹೇಳಬಲ್ಲದು. ಮುಂದಿನ ಮಳೆಗಾಲದಲ್ಲಿ ನಮ್ಮ ಶಾಲೆಗಳ ಕರಿಹಲಗೆಯ ಒಂದು ಮೂಲೆಯಲ್ಲಿ ಮೂರು ಅಣೆಕಟ್ಟೆಗಳ ಮಟ್ಟವನ್ನು ಪ್ರತಿದಿನ ಬೆಳಗ್ಗೆ ಒಬ್ಬ ವಿದ್ಯಾರ್ಥಿ ಬರೆಯಲಿ. ಅದಕ್ಕೆ ಬೇಕಾದುದು ಒಂದು ಪತ್ರಿಕೆ, ಒಂದು ತುಂಡು ಸೀಮೆಸುಣ್ಣ.